ಎಸೆಯದೆ ದಾಟಿಸಿದ ಚೆಂಡು



ಇಂದಿನ ಚಿಂತನೆಗೆ ಒಬ್ಬ ಆಟಗಾರರ ಬದುಕನ್ನು ತೆಗೆದುಕೊಂಡಿದ್ದೇನೆ. ಹೆಸರು ಬೆನ್ ಸಿಮನ್ಸ್. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಹುಟ್ಟಿದವರು. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗ್ 2016ರಲ್ಲಿ ಹೊಸ ಆಟಗಾರರನ್ನು ಆರಿಸಿಕೊಂಡಾಗ, ಎಲ್ಲರಿಗಿಂತ ಮೊದಲು ಆಯ್ಕೆಯಾದವರು ಇವರೇ. ಆರಿಸಿದ್ದು ಫಿಲಡೆಲ್ಫಿಯಾ ತಂಡ. ಆರಡಿ ಹತ್ತಿಂಚು ಎತ್ತರ. ಅಷ್ಟು ಎತ್ತರದವರು ಚೆಂಡು ಪುಟಿಸುತ್ತಾ ಓಡಿ, ಜೊತೆಗಾರರಿಗೆ ಹಂಚಿ ಆಡಿಸುವುದು ಅಪರೂಪ. 2018ರಲ್ಲಿ ವರ್ಷದ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಬಂತು. 2019ರಲ್ಲಿ ತಂಡ ಐದು ವರ್ಷದ ಒಪ್ಪಂದ ಮಾಡಿಕೊಂಡಿತು. ಮೊತ್ತ ಸುಮಾರು 17 ಕೋಟಿ ಡಾಲರ್.

ಅವರಿಗೆ ಒಂದೇ ದೊಡ್ಡ ಕೊರತೆ, ದೂರದಿಂದ ಬುಟ್ಟಿಗೆ ಎಸೆಯುವುದು. ಎದುರಾಳಿ ತಪ್ಪು ಮಾಡಿದಾಗ 'ಫ್ರೀ ಥ್ರೋ' ಸಿಗುತ್ತದೆ. 15 ಅಡಿ ದೂರದ ಗೆರೆಯಲ್ಲಿ ನಿಂತು ಎಸೆಯಬೇಕು. ಯಾರೂ ಅಡ್ಡ ಬರುವಂತಿಲ್ಲ. ಆದರೆ ಇಡೀ ಕ್ರೀಡಾಂಗಣ ಒಬ್ಬರನ್ನೇ ನೋಡುತ್ತಿರುತ್ತದೆ. 2021ರ ಪ್ಲೇಆಫ್‌ನಲ್ಲಿ ಸಿಮನ್ಸ್ ಹೀಗೆ ಎಸೆದ 73 ಚೆಂಡುಗಳಲ್ಲಿ ಬುಟ್ಟಿಗೆ ಬಿದ್ದದ್ದು 25.

ಆ ವರ್ಷ ಜೂನ್ 20ರಂದು ಅಟ್ಲಾಂಟಾ ವಿರುದ್ಧ ಏಳನೆಯ, ನಿರ್ಣಾಯಕ ಪಂದ್ಯ. ಉಳಿದದ್ದು ಸುಮಾರು ಮೂರೂವರೆ ನಿಮಿಷ. ತಂಡ ಎರಡು ಅಂಕ ಹಿಂದಿತ್ತು. ಸಿಮನ್ಸ್ ಬುಟ್ಟಿಯ ಕೆಳಗೇ ಇದ್ದರು. ಹತ್ತಿರವಿದ್ದ ಎದುರಾಳಿ ಅವರಿಗಿಂತ ಮುಕ್ಕಾಲು ಅಡಿ ಕುಳ್ಳ. ಕೈ ಎತ್ತಿ ಚೆಂಡು ಹಾಕಿದರೆ ಮುಗಿಯುತ್ತಿತ್ತು. ಅವರು ಹಾಕಲಿಲ್ಲ, ಪಕ್ಕದವರಿಗೆ ದಾಟಿಸಿದರು. ತಂಡ ಸೋತಿತು.

ಸಿಮನ್ಸ್ ಆ ತಂಡಕ್ಕೆ ಮತ್ತೆ ಆಡಲೇ ಇಲ್ಲ. ಆಡಲು ಮನಸ್ಸು ಸಿದ್ಧವಿಲ್ಲ ಎಂದರು. 2022ರಲ್ಲಿ ಬ್ರೂಕ್ಲಿನ್ ತಂಡಕ್ಕೆ ಹೋದರು, ಬೆನ್ನಿಗೆ ಶಸ್ತ್ರಚಿಕಿತ್ಸೆಯಾಯಿತು. 2023-24ರ 82 ಪಂದ್ಯಗಳಲ್ಲಿ ಆಡಿದ್ದು 15. ಪ್ರತಿ ಸಲ ಅಂಗಳಕ್ಕಿಳಿದಾಗಲೂ ಜನ ಆಟಕ್ಕಿಂತ ಮೊದಲು ಸಂಬಳ ಲೆಕ್ಕ ಹಾಕಿದರು. ಒಪ್ಪಂದ ಮುಗಿಯುವ ಮುನ್ನವೇ, 2025ರ ಫೆಬ್ರವರಿಯಲ್ಲಿ, ಬ್ರೂಕ್ಲಿನ್ ಅವರನ್ನು ಬಿಟ್ಟುಕೊಟ್ಟಿತು.

ಬಂಧುಗಳೇ, ಆ ದಾಟಿಸಿದ ಚೆಂಡನ್ನು ನಾನು ನನ್ನ ತರಗತಿಯಲ್ಲೂ ನೋಡಿದ್ದೇನೆ. ಮನೆಯಲ್ಲಿ ಮೊದಲ ಬಾರಿಗೆ ಹೈಸ್ಕೂಲು ಹತ್ತಿದ ಒಬ್ಬ ಹುಡುಗಿ. ನೋಟ್‌ಬುಕ್ಕಿನಲ್ಲಿ ಉತ್ತರ ಸರಿಯಾಗಿ ಬರೆದಿರುತ್ತಿದ್ದಳು. ಪ್ರಶ್ನೆ ಕೇಳಿದರೆ ಮಾತ್ರ ಪಕ್ಕದವಳ ಕಡೆ ತೋರಿಸುತ್ತಿದ್ದಳು. ಯಾಕಮ್ಮಾ ಎಂದರೆ, "ತಪ್ಪಾದ್ರೆ ಎಲ್ಲಾ ನಮ್ಮೋರಿಗೇ ಅಂತಾರೆ ಸಾರ್" ಎಂದಳು. ವರ್ಷದ ಆರಂಭದಲ್ಲಿ "ನೀನು ನಮ್ಮ ಕೇರಿಯ ಮಾನ ಉಳಿಸಬೇಕು" ಎಂದು ಅವಳ ತಲೆಯ ಮೇಲೆ ಹೊರೆ ಇಟ್ಟವನು ನಾನೇ. ಪ್ರೋತ್ಸಾಹವೆಂದು ತಿಳಿದು ಹೇಳಿದ್ದೆ. ಅವಳಿಗೆ ಅದು ತೀರಿಸಬೇಕಾದ ಸಾಲವಾಗಿತ್ತು.

ಎರಡಕ್ಕೂ ವ್ಯತ್ಯಾಸವಿದೆ, ಮರೆಯಬಾರದು. ಸಿಮನ್ಸ್ ಕೋಟಿಗಟ್ಟಲೆ ಹಣಕ್ಕೆ ಒಪ್ಪಿ ಸಹಿ ಹಾಕಿದವರು. ಅಭ್ಯಾಸ ಮಾಡುವ, ಎಸೆಯುವ ಹೊಣೆ ಅವರದೇ. ನಮ್ಮ ಮಕ್ಕಳ ಸೀಟು ಹಕ್ಕು. ಅದಕ್ಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಆದರೆ ಇಬ್ಬರ ಕೈಯನ್ನೂ ಹಿಡಿದದ್ದು ಒಂದೇ ಭಯ ಎಂದು ನನಗೆ ಅನ್ನಿಸುತ್ತದೆ: ತಪ್ಪಿದರೆ ಚೆಂಡಲ್ಲ, ನಾನೇ ತಪ್ಪು ಎಂಬ ಭಯ.

ಭಗವಾನ್ ಬುದ್ಧರು ಅಂಗುತ್ತರ ನಿಕಾಯದಲ್ಲಿ ಎಂಟು ಲೋಕಧರ್ಮಗಳನ್ನು ಹೇಳುತ್ತಾರೆ: ಲಾಭ-ಅಲಾಭ, ಯಶಸ್ಸು-ಅಪಯಶಸ್ಸು, ನಿಂದೆ-ಪ್ರಶಂಸೆ, ಸುಖ-ದುಃಖ. ಇವು ಅರಿತವನಿಗೂ ಬರುತ್ತವೆ, ಅರಿಯದವನಿಗೂ ಬರುತ್ತವೆ. ಇವು ಬಂದು ಹೋಗುವಂಥವು ಎಂದು ಕಂಡವನ ಮನಸ್ಸನ್ನು ಮಾತ್ರ ಇವು ಹಿಡಿದಿಡುವುದಿಲ್ಲ. 17 ಕೋಟಿ ಎಂಬುದು ಲಾಭ, ಕ್ರೀಡಾಂಗಣದ ಕೂಗು ನಿಂದೆ. ಎರಡೂ ಆ ಮನುಷ್ಯನ ಬೆಲೆಯಲ್ಲ.

ಆ ಹುಡುಗಿಗೆ ಒಂದು ದಿನ ಹೇಳಿದೆ: "ನಾನು ಮಾನದ ಮಾತು ಆಡಿದ್ದು ತಪ್ಪಮ್ಮ. ನೀನು ನಿನ್ನ ಉತ್ತರ ಹೇಳು, ಸಾಕು." ತಕ್ಷಣ ಏನೂ ಬದಲಾಗಲಿಲ್ಲ. ಎರಡು ವಾರದ ಮೇಲೆ ಕೈ ಎತ್ತಿದಳು. ಉತ್ತರ ತಪ್ಪಾಗಿತ್ತು. ನಗುತ್ತಾ ಕುಳಿತಳು. ಮರುದಿನ ಮತ್ತೆ ಎತ್ತಿದಳು.

ಇಂದಿನ ಅಭ್ಯಾಸ: ತಪ್ಪಾದೀತೆಂದು ನಾನು ಬೇರೆಯವರಿಗೆ ದಾಟಿಸುತ್ತಿರುವ ಕೆಲಸ ಯಾವುದು? ನನ್ನ ಮಾತಿನಿಂದ ಯಾವ ಮಗುವಿನ ಮೇಲೆ ಹೊರೆ ಬಿದ್ದಿದೆ? ಐದು ನಿಮಿಷ ಕುಳಿತು ಯೋಚಿಸೋಣ.

ಎಲ್ಲರಿಗೂ ಮಂಗಳವಾಗಲಿ. ಜೈಭೀಮ್.