ಮಳೆಗಾಲದ ಜ್ವರ ಮತ್ತು ಇಂಗ್ಲಿಷ್ ಮೇಷ್ಟ್ರ ಪಾಠ

ಉದ್ಯೋಗವನ್ನರಸಿ ಹೊರನಾಡಿಗೆ ಬಂದ ಕನ್ನಡಿಗನಿಗೆ ಮುಂಬಯಿ ಮೊದಲು ಕೊಟ್ಟದ್ದು ಅನ್ನ, ಅನಂತರ ಕೊಟ್ಟದ್ದು ಅಕ್ಷರ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಕೈಕಾಲು ತೊಳೆದು, ರಾತ್ರಿ ಶಾಲೆಯ ಬೆಂಚಿನ ಮೇಲೆ ಕುಳಿತ ದಕ್ಷಿಣ ಕನ್ನಡದ ಹುಡುಗರ ಕಥೆ ನಮಗೆಲ್ಲ ಪರಿಚಿತವೇ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದ ನಮ್ಮ ಸಂಸ್ಥೆಗಳು ಇಂಥ ಶಾಲೆಗಳನ್ನು ನಡೆಸಿ, ಮಾಣಿಗಳನ್ನು ಗುಮಾಸ್ತರನ್ನಾಗಿಯೂ ಗುಮಾಸ್ತರನ್ನು ಅಧಿಕಾರಿಗಳನ್ನಾಗಿಯೂ ಮಾಡಿದವು. ಈಗ ಅಂಥ ಶಾಲೆಗಳ ಸಂಖ್ಯೆ ಕುಗ್ಗಿದೆ. ಆದರೆ ಊರು ಬಿಟ್ಟು ಬಂದು ಪರರ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿರುವ ಕನ್ನಡ ಅಧ್ಯಾಪಕ, ಅಧ್ಯಾಪಿಕೆಯರು ನಗರದಲ್ಲೂ ಉಪನಗರಗಳಲ್ಲೂ ಇಂದಿಗೂ ಇದ್ದಾರೆ.

ಈ ಲೇಖಕ ವೈದ್ಯನೂ ಅಲ್ಲ, ಅಧ್ಯಾಪಕನೂ ಅಲ್ಲ. ವಾಣಿಜ್ಯಶಾಸ್ತ್ರ ಓದಿ ಬ್ಯಾಂಕು ಸೇರಿದವನು. ದಿನ ಎಣಿಸಿ ಬಡ್ಡಿ ಹಾಕುವ ವೃತ್ತಿಯವನಿಗೆ ಮಳೆಗಾಲದ ಜ್ವರದಲ್ಲಿಯೂ ದಿನದ ಲೆಕ್ಕವೇ ಮುಖ್ಯವೆಂದು ತಿಳಿದಾಗ ಉಂಟಾದ ಆಸಕ್ತಿಯೇ ಈ ಬರಹಕ್ಕೆ ಕಾರಣ.

ಶಾಲೆಯೂ ಮಳೆಯೂ ಜೊತೆಯಾಗಿ

ನೈಋತ್ಯ ಮಾರುತ ಮುಂಬಯಿಯನ್ನು ಮುಟ್ಟುವ ವಾಡಿಕೆಯ ದಿನ ಜೂನ್ 11. ಶಾಲೆಗಳು ಬಾಗಿಲು ತೆರೆಯುವುದೂ ಜೂನ್ ಮಧ್ಯದಲ್ಲಿಯೇ. ಹೀಗಾಗಿ ಅಧ್ಯಾಪಕರ ವರ್ಷಾರಂಭ ಒದ್ದೆ ಚಪ್ಪಲಿಯಲ್ಲಿಯೇ ಆಗುತ್ತದೆ. ಬೆಳಿಗ್ಗೆ ಲೋಕಲ್ ಗಾಡಿಯ ನೂಕುನುಗ್ಗಲು, ತೊಯ್ದ ಛತ್ರಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಉತ್ತರಪತ್ರಿಕೆಗಳು. ತರಗತಿಗೆ ತಗಡಿನ ಮಾಡಿದ್ದರೆ ಮಳೆಯ ಸದ್ದಿಗೆ ಎದುರಾಗಿ ಸ್ವರವನ್ನು ಏರಿಸಲೇಬೇಕು. ಸಂಜೆಯ ಹೊತ್ತಿಗೆ ಗಂಟಲು ಕಟ್ಟಿರುತ್ತದೆ. ಅನುಭವಸ್ಥರು ಅಂಥ ವೇಳೆಯಲ್ಲಿ ಕೂಗಾಡದೆ ಕಪ್ಪುಹಲಗೆಯ ಮೇಲೆ ಬರೆದು ಬರೆಸುತ್ತಾರೆ, ಆಗಾಗ ಬೆಚ್ಚಗಿನ ನೀರು ಕುಡಿಯುತ್ತಾರೆ. ಇದು ಸುಲಭವಾದ ಉಪಾಯ, ಖರ್ಚಿಲ್ಲದ್ದು.

ಆದರೆ ನಿಜವಾದ ಅಪಾಯ ಇರುವುದು ಶಾಲೆ ಬಿಟ್ಟ ಮೇಲಿನ ದಾರಿಯಲ್ಲಿ. ಸಮುದ್ರದ ಭರತ ಏರಿದ ಹೊತ್ತಿನಲ್ಲಿಯೇ ಬಿರುಮಳೆ ಸುರಿದರೆ, ಚರಂಡಿಯ ನೀರು ಕಡಲಿಗೆ ಇಳಿಯಲಾರದೆ ಬೀದಿಯಲ್ಲಿಯೇ ನಿಲ್ಲುತ್ತದೆ. ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್, ಸಯನ್, ಕುರ್ಲಾ, ಅಂಧೇರಿಯ ಸಬ್‌ವೇ ಇವುಗಳ ಹೆಸರು ಕೇಳಿದೊಡನೆ ನಮಗೆ ಮೊಣಕಾಲುದ್ದದ ನೀರು ನೆನಪಾಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಲಕ್ಷಾಂತರ ಜನರು ಆ ನೀರಿನಲ್ಲಿಯೇ ನಡೆದರು. ನೆರೆ ಇಳಿದ ಮೇಲೆ, ಆಗಸ್ಟ್ ತಿಂಗಳಲ್ಲಿ, ಇಲಿಜ್ವರವೆಂದು ಕರೆಯುವ ಲೆಪ್ಟೊಸ್ಪೈರೋಸಿಸ್ ನಗರವನ್ನು ಕಾಡಿತು.

ಕಾಲಿನಿಂದ ಒಳಹೋಗುವ ಶತ್ರು

ಈ ರೋಗದ ಸೂಕ್ಷ್ಮಜೀವಿ ಇಲಿ, ಹೆಗ್ಗಣಗಳ ಮೂತ್ರದಲ್ಲಿರುತ್ತದೆ. ನಾಯಿ, ದನಗಳಿಂದಲೂ ಬರಬಹುದು. ಮಳೆನೀರಿನೊಡನೆ ಬೆರೆತು, ನಮ್ಮ ಕಾಲಿನ ಸಣ್ಣ ಗಾಯ, ಬಿರುಕು, ತರಚುಗಳ ಮೂಲಕ ಅಥವಾ ಕಣ್ಣು, ಮೂಗು, ಬಾಯಿಗಳ ಮೂಲಕ ದೇಹವನ್ನು ಸೇರುತ್ತದೆ. ಸಾಮಾನ್ಯವಾಗಿ 5ರಿಂದ 14 ದಿನಗಳ ಬಳಿಕ ಜ್ವರ ಕಾಣಿಸಿಕೊಳ್ಳುತ್ತದೆ. ತಲೆನೋವು, ಕೆಂಪೇರಿದ ಕಣ್ಣು, ಮುಖ್ಯವಾಗಿ ಮೀನಖಂಡದ ನೋವು ಇದರ ಲಕ್ಷಣಗಳು. ಉಲ್ಬಣಿಸಿದರೆ ಕಾಮಾಲೆ, ಮೂತ್ರಪಿಂಡದ ವೈಫಲ್ಯ, ಶ್ವಾಸಕೋಶದಲ್ಲಿ ರಕ್ತಸ್ರಾವ. ಜರ್ಮನಿಯ ವೈದ್ಯ ಅಡಾಲ್ಫ್ ವೈಲ್ 1886ರಲ್ಲಿಯೇ ಈ ತೀವ್ರ ಸ್ವರೂಪವನ್ನು ವರ್ಣಿಸಿದ್ದನು.

ನಮ್ಮ ಕಟ್ಟಡದಲ್ಲಿಯೇ ಇದ್ದ ಇಂಗ್ಲಿಷ್ ಮೇಷ್ಟ್ರೊಬ್ಬರಿಗೆ ಹೀಗಾಯಿತು. ಗಾಡಿ ನಿಂತುಹೋದ ರಾತ್ರಿ ಅವರು ನೀರಿನಲ್ಲಿ ಎರಡು ಗಂಟೆ ನಡೆದು ಮನೆ ಸೇರಿದ್ದರು. ಹತ್ತು ದಿನಗಳ ಮೇಲೆ ಜ್ವರ ಬಂದಿತು. ಕಾಲು ಸೆಳೆತವನ್ನು ದಣಿವೆಂದು ಬಗೆದರು. ಔಷಧದ ಅಂಗಡಿಯ ಮಾತ್ರೆ ನುಂಗಿ ನಾಲ್ಕು ದಿನ ಪಾಠ ಮಾಡಿದರು. ಐದನೆಯ ದಿನ ಕಣ್ಣು ಹಳದಿಯಾಗಿತ್ತು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ್ದು ಎರಡೇ ಪ್ರಶ್ನೆ: ಜ್ವರ ಶುರುವಾದದ್ದು ಯಾವ ದಿನ? ಕಳೆದ ಎರಡು ವಾರಗಳಲ್ಲಿ ನಿಂತ ನೀರಿನಲ್ಲಿ ನಡೆದದ್ದುಂಟೆ? ಮೂರು ವಾರ ಮಲಗಿ ಅವರು ಗುಣಮುಖರಾದರು. ಬಂದವರಿಗೆಲ್ಲ ಆ ಎರಡು ಪ್ರಶ್ನೆಗಳನ್ನೇ ಹೇಳುತ್ತಿದ್ದರು.

ಒಂದು ವ್ಯಾಕರಣ ಪಾಠ

ಆ ವರ್ಷ ಅವರು ತರಗತಿಯಲ್ಲಿ ಮಾಡಿದ ಪಾಠವೊಂದನ್ನು ಇಲ್ಲಿ ಹೇಳಬೇಕು. ಕನ್ನಡದಲ್ಲಿ ನಾವು ‘ಸೋಮವಾರದಿಂದ ಜ್ವರ’ ಎನ್ನುತ್ತೇವೆ, ‘ನಾಲ್ಕು ದಿನಗಳಿಂದ ಜ್ವರ’ ಎಂದೂ ಎನ್ನುತ್ತೇವೆ. ಎರಡಕ್ಕೂ ಒಂದೇ ‘ಇಂದ’ ಪ್ರತ್ಯಯ. ಇಂಗ್ಲಿಷಿನಲ್ಲಿ ಆರಂಭದ ದಿನಕ್ಕೆ ‘ಸಿನ್ಸ್’, ಕಳೆದ ಅವಧಿಗೆ ‘ಫಾರ್’. ಆದಕಾರಣ ನಮ್ಮ ಹುಡುಗರು ‘ಸಿನ್ಸ್ ಫೋರ್ ಡೇಸ್’ ಎಂದು ಬರೆದುಬಿಡುತ್ತಾರೆ. ಮೇಷ್ಟ್ರು ಅದನ್ನು ತಿದ್ದಲು ಆರಿಸಿಕೊಂಡ ವಾಕ್ಯಗಳು ‘ಐ ಹ್ಯಾವ್ ಹ್ಯಾಡ್ ಫೀವರ್ ಸಿನ್ಸ್ ಮಂಡೇ’ ಮತ್ತು ‘ಐ ಹ್ಯಾವ್ ಹ್ಯಾಡ್ ಫೀವರ್ ಫಾರ್ ಫೋರ್ ಡೇಸ್’. ಪ್ರತಿಯೊಬ್ಬ ವಿದ್ಯಾರ್ಥಿಯೂ ಎದ್ದು ನಿಂತು, ಎದುರಿಗೆ ವೈದ್ಯರಿದ್ದಾರೆಂದು ಭಾವಿಸಿ, ಎರಡನ್ನೂ ಹೇಳಬೇಕು.

ಇದು ಬರಿಯ ವ್ಯಾಕರಣವಲ್ಲ. ಡೆಂಗ್ಯೂ ಪತ್ತೆಗೆ ಎನ್‌ಎಸ್‌1 ಪರೀಕ್ಷೆ ಮೊದಲ ಐದು ದಿನಗಳಲ್ಲಿ ಹೆಚ್ಚು ಉಪಯುಕ್ತ. ಪ್ರತಿಕಾಯಗಳ ಪರೀಕ್ಷೆ ಅನಂತರದ್ದು. ಇಲಿಜ್ವರದಲ್ಲಿಯೂ ಮೊದಲ ದಿನಗಳಲ್ಲಿ ಪ್ರತಿಕಾಯಗಳು ಕಾಣದೆ ಹೋಗಬಹುದು. ಆಗ ‘ರೋಗವಿಲ್ಲ’ ಎಂಬ ವರದಿಯನ್ನೇ ನಂಬಿ ಕೂರುವಂತಿಲ್ಲ. ಡೆಂಗ್ಯೂವಿನಲ್ಲಿ ಜ್ವರ ಇಳಿಯುವ ಮೂರರಿಂದ ಏಳನೆಯ ದಿನಗಳೇ ಕೆಲವೊಮ್ಮೆ ಅಪಾಯಕರ. ದಿನದ ಲೆಕ್ಕ ತಪ್ಪಿದರೆ ಚಿಕಿತ್ಸೆಯ ಲೆಕ್ಕವೂ ತಪ್ಪುತ್ತದೆ. ಊರಿನಲ್ಲಾದರೆ ತಾಯಿ, ಅಜ್ಜಿ ದಿನ ಎಣಿಸುತ್ತಿದ್ದರು. ಇಲ್ಲಿ ಒಂಟಿಯಾಗಿ ಹೋಟೆಲಿನ ಮಾಳಿಗೆಯಲ್ಲಿ ಮಲಗುವ ಹುಡುಗ ತಾನೇ ಎಣಿಸಿಕೊಳ್ಳಬೇಕು, ತಾನೇ ಹೇಳಬೇಕು.

ಪಾಲಿಸಬೇಕಾದ ಕೆಲವು ನಿಯಮಗಳು

1. ಕಾಲಿನಲ್ಲಿ ಗಾಯವಿದ್ದರೆ ನಿಂತ ನೀರಿಗೆ ಇಳಿಯಬಾರದು. ಅನಿವಾರ್ಯವಾದರೆ ಗಂಬೂಟು ಧರಿಸಬೇಕು. ಮನೆ ಸೇರಿದೊಡನೆ ಸಾಬೂನಿನಿಂದ ಕಾಲು ತೊಳೆದು ಒಣಗಿಸಬೇಕು.

2. ನೀರಿನಲ್ಲಿ ನಡೆದವರು 72 ಗಂಟೆಗಳೊಳಗೆ ವೈದ್ಯರನ್ನು ಕಾಣಬೇಕೆಂಬುದು ಮಹಾನಗರಪಾಲಿಕೆಯ ಸೂಚನೆ. ಡಾಕ್ಸಿಸೈಕ್ಲಿನ್‌ನಂಥ ಮುಂಜಾಗ್ರತೆಯ ಔಷಧವನ್ನು ಅವರ ಸಲಹೆಯಂತೆಯೇ ತೆಗೆದುಕೊಳ್ಳಬೇಕು. ಗರ್ಭಿಣಿಯರೂ ಚಿಕ್ಕ ಮಕ್ಕಳ ಪಾಲಕರೂ ಇದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

3. ಕಣ್ಣಿಗೆ ಕಾಣದ ನೆಲದ ಮೇಲೆ ಹೆಜ್ಜೆ ಇಡಬಾರದು. 2017ರ ಆಗಸ್ಟ್ 29ರ ಮಳೆಯಲ್ಲಿ ಹೆಸರಾಂತ ವೈದ್ಯ ಡಾ. ದೀಪಕ್ ಅಮರಾಪುರ್ಕರ್ ಅವರು ತೆರೆದ ಮ್ಯಾನ್‌ಹೋಲಿಗೆ ಬಿದ್ದು ಪ್ರಾಣ ಕಳೆದುಕೊಂಡರು. ಅಂಥ ದಿನ ಶಾಲೆಯಲ್ಲಿಯೇ ರಾತ್ರಿ ಕಳೆಯುವುದು ಅವಮಾನವಲ್ಲ.

4. ಜ್ವರವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ತಾವಾಗಿ ನುಂಗಬಾರದು. ಡೆಂಗ್ಯೂವಾಗಿದ್ದರೆ ರಕ್ತಸ್ರಾವಕ್ಕೆ ಎಡೆಯಾಗುತ್ತದೆ.

5. ಹೂಕುಂಡದ ತಟ್ಟೆ, ಡ್ರಮ್ಮು, ಮಾಡಿನ ಮೇಲಿನ ಹಳೆಯ ಟೈರು ಇವುಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲಬೇಕು. ಡೆಂಗ್ಯೂ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ಒಂದು ವಾರ ಸಾಕು. ಅದು ಕಚ್ಚುವುದು ಹಗಲಿನಲ್ಲಿ, ಅಂದರೆ ಶಾಲೆಯ ಹೊತ್ತಿನಲ್ಲಿಯೇ.

ಒಂದು ದಿನ ರಜೆ ಹಾಕಿದರೆ ಪಾಠ ಹಿಂದೆ ಬೀಳುತ್ತದೆಂದು ನಮ್ಮ ಅಧ್ಯಾಪಕರು ಅಂಜುತ್ತಾರೆ. ಹಿಂದೆ ಬಿದ್ದ ಪಾಠವನ್ನು ದೀಪಾವಳಿಯ ಮುನ್ನ ಮುಗಿಸಬಹುದು. ಸಂಘದ ಸದಸ್ಯರಲ್ಲಿ ನನ್ನದೊಂದು ವಿನಂತಿ: ನಿಮ್ಮ ಹೋಟೆಲಿನ, ಕಚೇರಿಯ, ಕಟ್ಟಡದ ಯಾರಿಗಾದರೂ ಮಳೆಗಾಲದಲ್ಲಿ ಜ್ವರ ಬಂದರೆ, ಅದು ಆರಂಭವಾದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅಂದೇ ಗುರುತು ಹಾಕಿರಿ.