ಶುಗರ್ ಇಳಿಯಿತೆಂದು ಮಾತ್ರೆ ಬಿಡಬಹುದೇ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ, ಕೂಲಿ ಕೆಲಸ. ಆರು ತಿಂಗಳು ಮಾತ್ರೆ ನುಂಗಿದ ಮೇಲೆ ಶುಗರ್ ನಾರ್ಮಲ್ ಬಂತು. ಮಾತ್ರೆಯಿಂದ ಕಿಡ್ನಿ ಹೋಗುತ್ತದೆ ಎಂದು ಯಾರೋ ಹೇಳಿದರಂತೆ. ಅದನ್ನು ಬಿಟ್ಟು ಹಾಗಲಕಾಯಿ ರಸ ಕುಡಿಯುತ್ತಿದ್ದಾರೆ. ಈಗ ಅಂಗಾಲು ಜೋಮು ಹಿಡಿಯುತ್ತಿದೆ.
– ಓದುಗರೊಬ್ಬರು, ಕುಷ್ಟಗಿ ತಾಲೂಕು

ಉತ್ತರ: ಈ ಮಾತು ಹಬ್ಬಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಿಡ್ನಿ ತಿನ್ನುವುದು ವರ್ಷಗಟ್ಟಲೆ ಹತೋಟಿ ತಪ್ಪಿದ ಶುಗರ್ ಮತ್ತು ಬಿ.ಪಿ. ಕಿಡ್ನಿ ಮೊದಲೇ ಸೋತಿದ್ದವರಿಗೆ ನಾವು ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಯನ್ನು ಕಡಿಮೆ ಮಾಡುತ್ತೇವೆ, ಕೆಲವರಿಗೆ ನಿಲ್ಲಿಸುತ್ತೇವೆ. ಅದನ್ನು ನೋಡಿದ ಜನ ಮಾತ್ರೆಯೇ ಕಿಡ್ನಿ ಕೆಡಿಸಿತು ಎಂದುಕೊಳ್ಳುತ್ತಾರೆ. ನಿಮ್ಮ ತಂದೆಯ ರಿಪೋರ್ಟ್ ನಾರ್ಮಲ್ ಬಂದದ್ದೇ ಮಾತ್ರೆಯಿಂದ. ಹಾಗಲಕಾಯಿ ಪಲ್ಯ ಧಾರಾಳವಾಗಿ ತಿನ್ನಲಿ, ಆದರೆ ಅದು ಮಾತ್ರೆಯ ಬದಲಿಗಲ್ಲ.

ನನಗೆ ಹೆಚ್ಚು ಚಿಂತೆ ಆ ಜೋಮಿನದು. ಮುಳ್ಳು ಚುಚ್ಚಿದರೂ ಅವರಿಗೆ ತಿಳಿಯದು, ಕೀವಾದ ಮೇಲೇ ಗೊತ್ತಾಗುವುದು. ಬರಿಗಾಲಲ್ಲಿ ಹೊಲಕ್ಕೆ ಕಳಿಸಬೇಡಿ. ಬಿಸಿನೀರು, ಕಾದ ಇಟ್ಟಿಗೆಯ ಶಾಖ ಖಂಡಿತ ಬೇಡ. ರಾತ್ರಿ ಮಲಗುವ ಮೊದಲು ಅವರ ಅಂಗಾಲನ್ನು ನೀವೇ ದೀಪದ ಬೆಳಕಲ್ಲಿ ನೋಡಿ.

ಈ ವಾರವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಮಾತ್ರೆ ಉಚಿತ. ಸ್ಟಾಕ್ ಮುಗಿದಿದ್ದರೆ ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್ ಇದೆ, ಕಡಿಮೆ ಬೆಲೆಗೆ ಜನೌಷಧಿ ಅಂಗಡಿಯೂ ಇದೆ. ಖಾಲಿ ಹೊಟ್ಟೆಯ ಮತ್ತು ಊಟದ ನಂತರದ ಶುಗರ್, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ನೋಡಿಸಿ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಅಲ್ಲಿ ಆಗದಿದ್ದರೆ ಅದಕ್ಕಾಗಿ ಕಾಯುತ್ತ ಉಳಿದವನ್ನು ಮುಂದೂಡಬೇಡಿ. ಕಣ್ಣಿನ ಪರದೆಯನ್ನು ವರ್ಷಕ್ಕೊಮ್ಮೆ ತೋರಿಸಲೇಬೇಕು, ದೃಷ್ಟಿ ಚೆನ್ನಾಗಿದ್ದರೂ.

ಪ್ರಶ್ನೆ: ರಾಗಿ ಮುದ್ದೆ ಎಷ್ಟು ಉಂಡರೂ ಶುಗರ್ ಏರುವುದಿಲ್ಲವೇ?
– ಮಂಡ್ಯ

ಉತ್ತರ: ಏರುತ್ತದೆ. ಚಿಕ್ಕದೊಂದು ಮುದ್ದೆ, ಜೊತೆಗೆ ಸೊಪ್ಪು, ಕಾಳು ಹೆಚ್ಚಿರಲಿ. ಉಂಡ ಎರಡು ಗಂಟೆಗೆ ರಕ್ತ ಪರೀಕ್ಷೆ ಮಾಡಿಸಿ, ನಿಮ್ಮ ಅಳತೆ ತಿಳಿಯುತ್ತದೆ.

ಪ್ರಶ್ನೆ: 12 ವರ್ಷದ ಮಗಳಿಗೆ ಇನ್ಸುಲಿನ್ ಬರೆದಿದ್ದಾರೆ. ಮನೆಯಲ್ಲಿ ಫ್ರಿಜ್ ಇಲ್ಲ.
– ತಾಯಿ, ಪಾವಗಡ

ಉತ್ತರ: ಹೆದರಬೇಡಿ ತಾಯಿ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ನೆರಳಲ್ಲಿಡಿ. ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಳಗಿಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿ. ನಿಮ್ಮ ಕಡೆಯ ಒಣ ಹವೆಗೆ ಇದು ಚೆನ್ನಾಗಿ ತಂಪಾಗುತ್ತದೆ. ಹೀಗಿಟ್ಟರೆ, ಬಳಸಲು ಶುರು ಮಾಡಿದ ಬಾಟಲಿ ಸುಮಾರು ನಾಲ್ಕು ವಾರ ಬರುತ್ತದೆ. ಐಸ್ ಮೇಲೆ ಇಡಬೇಡಿ, ಹೆಪ್ಪುಗಟ್ಟಿದ್ದನ್ನು ಎಸೆಯಬೇಕು. ಮುಂದಿನ ಬಾಟಲಿಗಳನ್ನು ಆರೋಗ್ಯ ಕೇಂದ್ರದ ಫ್ರಿಜ್‌ನಲ್ಲೇ ಇರಿಸಿಕೊಳ್ಳುವಂತೆ ಕೇಳಿ.

ಶುಗರ್ ತೀರಾ ಇಳಿದು ಮಗು ಬೆವರಿ ನಡುಗಿದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಶಾಲೆಯ ಟೀಚರಿಗೂ ಇದನ್ನು ಹೇಳಿಕೊಡಿ. ಜ್ವರ ಬಂದು ಊಟ ಬಿಟ್ಟರೂ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು, ಪ್ರಮಾಣ ಎಷ್ಟೆಂದು ವೈದ್ಯರನ್ನು ಕೇಳಿ. ವಾಂತಿ, ಏದುಸಿರು ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ.