ಮರೆಯುವ ಚಿಪ್, ಮರೆಯದ ಚಿಪ್



ಒಮ್ಮೆ ನಾನು ಒಂದು ಶಾಲೆಗೆ ಹೋಗಿದ್ದಾಗ ಏಳನೇ ತರಗತಿಯ ಬಾಲಕಿಯೊಬ್ಬಳು ಶಾಲೆಯ ಆವರಣದ ಗಿಡಮರಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದಳು. ಇಪ್ಪತ್ತಾರು ಹೆಸರು ಮುಗಿದಿದ್ದವು. ಅಷ್ಟರಲ್ಲಿ ಕರೆಂಟ್ ಹೋಯಿತು! ಮತ್ತೆ ಬಂದಾಗ ಒಂದು ಹೆಸರೂ ಉಳಿದಿರಲಿಲ್ಲ. ಆದರೆ ಹಿಂದಿನ ದಿನ ಸೇವ್ ಮಾಡಿದ್ದ ಹಕ್ಕಿಗಳ ಪಟ್ಟಿ ಹಾಗೆಯೇ ಇತ್ತು. "ಸರ್, ಕಂಪ್ಯೂಟರ್ ಒಂದೇ. ಹಕ್ಕಿಗಳು ನೆನಪಿವೆ, ಮರಗಳು ಮರೆತುಹೋದವು. ಯಾಕೆ?" ಎಂದು ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು.

ಒಳ್ಳೆಯ ಪ್ರಶ್ನೆ, ಅಲ್ಲವೇ? ಉತ್ತರ ಹುಡುಕೋಣ.

ನೀವು ಲೆಕ್ಕವನ್ನು ಸ್ಲೇಟಿನಲ್ಲಿ ಮಾಡಿ, ಉತ್ತರವನ್ನು ನೋಟ್‌ಬುಕ್ಕಿಗೆ ಬರೆಯುತ್ತೀರಿ. ಕಂಪ್ಯೂಟರಿಗೂ ಇಂಥ ಎರಡು ಜಾಗಗಳಿವೆ. ಕೆಲಸ ನಡೆಯುವಾಗ ಬಳಸುವ ಸ್ಲೇಟು 'ರ್‍ಯಾಮ್'. ಕಾಯ್ದಿಡುವ ನೋಟ್‌ಬುಕ್ 'ಸಂಗ್ರಹ'. ಹಿಂದೆ ಸಂಗ್ರಹಕ್ಕೆ ತಿರುಗುವ ತಟ್ಟೆಗಳಿರುವ ಹಾರ್ಡ್ ಡಿಸ್ಕ್‌ಗಳೇ ಹೆಚ್ಚಾಗಿದ್ದವು. ಈಗ ಅನೇಕ ಕಂಪ್ಯೂಟರುಗಳಲ್ಲಿ 'ಸಾಲಿಡ್ ಸ್ಟೇಟ್ ಡ್ರೈವ್' ಅಥವಾ ಎಸ್‌ಎಸ್‌ಡಿ ಇರುತ್ತದೆ. ಇದರಲ್ಲಿ ಚಲಿಸುವ ಭಾಗಗಳಿಲ್ಲ. ರ್‍ಯಾಮಿನಂತೆ ಇದೂ ಚಿಪ್ಪುಗಳಿಂದಲೇ ಆದದ್ದು. ಹಾಗಾದರೆ ಒಂದು ಮರೆಯುವುದೇಕೆ, ಇನ್ನೊಂದು ಮರೆಯದಿರುವುದೇಕೆ?

ರ್‍ಯಾಮಿನಲ್ಲಿ ಕೋಟಿಗಟ್ಟಲೆ ಪುಟ್ಟ ಧಾರಕಗಳಿವೆ. ಧಾರಕದಲ್ಲಿ ವಿದ್ಯುದಾವೇಶ ಇದ್ದರೆ 1, ಇಲ್ಲದಿದ್ದರೆ 0. ಆದರೆ ಇವು ಸಣ್ಣ ತೂತಿರುವ ಕೊಡಗಳಂತೆ. ಆವೇಶ ಸೋರುತ್ತಲೇ ಇರುತ್ತದೆ! ಆದ್ದರಿಂದ ಪ್ರತಿ ಧಾರಕವನ್ನೂ ಸೆಕೆಂಡಿಗೆ ಹದಿನೈದಕ್ಕೂ ಹೆಚ್ಚು ಸಲ ಓದಿ ಮತ್ತೆ ತುಂಬಬೇಕು. ಕರೆಂಟ್ ಹೋದರೆ ತುಂಬುವವರು ಯಾರು? ಕೊಡ ಖಾಲಿ, ನೆನಪೂ ಖಾಲಿ. ಈ ಬಗೆಯ ರ್‍ಯಾಮಿಗೆ ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಅವರಿಗೆ 1968ರಲ್ಲಿ ಪೇಟೆಂಟ್ ದೊರೆಯಿತು.

ಎಸ್‌ಎಸ್‌ಡಿಯಲ್ಲಿರುವುದು 'ಫ್ಲ್ಯಾಶ್' ಚಿಪ್. ಪೆನ್‌ಡ್ರೈವ್, ಮೊಬೈಲ್‌ಗಳಲ್ಲಿರುವುದೂ ಇದೇ ಬಗೆಯದು. ಇಲ್ಲಿ ಎಲೆಕ್ಟ್ರಾನುಗಳನ್ನು ಅವಾಹಕ ಪದರಗಳ ನಡುವೆ ಸೆರೆಹಿಡಿಯಲಾಗುತ್ತದೆ. ಬಿಗಿಯಾಗಿ ಮುಚ್ಚಿದ ಡಬ್ಬಿಯಂತೆ! ಕರೆಂಟ್ ಇಲ್ಲದಿದ್ದರೂ ಅವು ವರ್ಷಗಟ್ಟಲೆ ಉಳಿಯಬಲ್ಲವು. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕ ಇದನ್ನು 1984ರಲ್ಲಿ ಜಗತ್ತಿನ ಮುಂದಿಟ್ಟರು.

"ಹಾಗಾದರೆ ಎಲ್ಲಕ್ಕೂ ಫ್ಲ್ಯಾಶನ್ನೇ ಬಳಸಬಹುದಲ್ಲ?" ಎಂದು ನೀವು ಕೇಳಬಹುದು. ಎರಡು ತೊಡಕುಗಳಿವೆ. ಮೊದಲನೆಯದು ವೇಗ. ಮಾಹಿತಿಯನ್ನು ಹುಡುಕಿ ಕೊಡಲು ಎಸ್‌ಎಸ್‌ಡಿ ರ್‍ಯಾಮಿಗಿಂತ ನೂರಾರು ಪಟ್ಟು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಎರಡನೆಯದು ಸವೆತ. ಬರೆದು ಅಳಿಸಿದಷ್ಟೂ ಅದರ ಅವಾಹಕ ಪದರ ದುರ್ಬಲವಾಗುತ್ತದೆ. ರ್‍ಯಾಮಿನಲ್ಲಾದರೋ ಎಷ್ಟು ಸಲ ಬೇಕಾದರೂ ಬರೆದು ಅಳಿಸಬಹುದು. ಆದ್ದರಿಂದಲೇ ಕಂಪ್ಯೂಟರಿಗೆ ಎರಡೂ ಬೇಕು.

'ಸೇವ್' ಮಾಡುವುದೆಂದರೆ ಸ್ಲೇಟಿನಲ್ಲಿರುವುದನ್ನು ನೋಟ್‌ಬುಕ್ಕಿಗೆ ಇಳಿಸುವುದು. ಕೆಲವು ತಂತ್ರಾಂಶಗಳು ಈ ಕೆಲಸವನ್ನು ತಾವಾಗಿಯೇ ಮಾಡುತ್ತವೆ. ಎಲ್ಲವೂ ಮಾಡುವುದಿಲ್ಲ. ನೋಟ್‌ಬುಕ್ಕೂ ಒಮ್ಮೊಮ್ಮೆ ಹಾಳಾಗಬಹುದು. ಆದ್ದರಿಂದ ಮುಖ್ಯವಾದುದರ ಇನ್ನೊಂದು ಪ್ರತಿಯನ್ನು ಬೇರೆಡೆ ಇಡಿ.

ಆ ಬಾಲಕಿ ಪಟ್ಟಿಯನ್ನು ಮತ್ತೆ ಟೈಪ್ ಮಾಡಿದಳು. ಈ ಸಲ ಐದೈದು ಹೆಸರಿಗೊಮ್ಮೆ ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತುತ್ತಿದ್ದಳು!

ಮಾಡಿ ನೋಡಿ: ಮನೆಯವರ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ರ್‍ಯಾಮ್ ಎಷ್ಟು, ಸ್ಟೋರೇಜ್ ಎಷ್ಟು ಎಂದು ಹಿರಿಯರ ಸಹಾಯದಿಂದ ನೋಡಿ ಬರೆದುಕೊಳ್ಳಿ. ಯಾವುದು ದೊಡ್ಡದು? ಫೋಟೋ ತೆಗೆದಂತೆಲ್ಲ ತುಂಬುತ್ತಾ ಹೋಗುವುದು ಯಾವುದು? ತರಗತಿಯಲ್ಲಿ ಚರ್ಚಿಸಿ.